ರೋಗಕ್ಕೆ ಮೊದಲೇ ಔಷಧ: ಪ್ಯಾಂಕ್ರಿಯಾಟೈಟಿಸ್‌ನ ಪ್ರಾಣಿಪ್ರಯೋಗಗಳು ಏನನ್ನು ಹೇಳುತ್ತವೆ, ಏನನ್ನು ಹೇಳುವುದಿಲ್ಲ

ಮೇದೋಜೀರಕ ಗ್ರಂಥಿಯ ತೀವ್ರ ಉರಿಯೂತ, ಅಂದರೆ ವೈದ್ಯರು ಅಕ್ಯೂಟ್ ಪ್ಯಾಂಕ್ರಿಯಾಟೈಟಿಸ್ ಎನ್ನುವ ಕಾಯಿಲೆಯ ಬಗ್ಗೆ ಪ್ರಯೋಗಾಲಯಗಳಿಂದ ಬರುವ ವರದಿಗಳಲ್ಲಿ ಒಂದು ಬಗೆಯ ವಾಕ್ಯ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ: ಇಂಥ ಔಷಧವನ್ನು ಮುಂಚಿತವಾಗಿ ಪಡೆದ ಇಲಿಗಳಲ್ಲಿ ಗ್ರಂಥಿಯ ಊತ ಇಳಿಯಿತು, ರಕ್ತದಲ್ಲಿ ಅಮೈಲೇಸ್ ಎಂಬ ಜೀರ್ಣಕಿಣ್ವದ ಪ್ರಮಾಣ ತಗ್ಗಿತು, ಗ್ರಂಥಿಯೊಳಕ್ಕೆ ನುಗ್ಗುವ ಬಿಳಿ ರಕ್ತಕಣಗಳ ಸಂಖ್ಯೆ ಕಡಿಮೆಯಾಯಿತು. ಹೀಗೆ ಇಲಿಗಳನ್ನು ಕಾಪಾಡಿದ ವಸ್ತುಗಳ ಪಟ್ಟಿ ಬಹಳ ಉದ್ದವಾಗಿದೆ. ಸ್ಟೆರಾಯ್ಡುಗಳು, ಮೆಲಟೋನಿನ್, ಎನ್-ಅಸಿಟೈಲ್‌ಸಿಸ್ಟೀನ್, ಪೆಂಟಾಕ್ಸಿಫಿಲಿನ್, ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್‌ಗಳು, ಮಧುಮೇಹಕ್ಕೆ ಕೊಡುವ ಗ್ಲಿಟಜೋನ್‌ಗಳು, ಅರಿಶಿನದಿಂದ ತೆಗೆದ ಕರ್ಕ್ಯುಮಿನ್, ದ್ರಾಕ್ಷಿಯ ಸಿಪ್ಪೆಯಲ್ಲಿರುವ ರೆಸ್ವೆರಟ್ರಾಲ್ ಎಲ್ಲವೂ ಅದರಲ್ಲಿವೆ. ಆದರೂ ಈ ಕಾಯಿಲೆಯಿಂದ ಆಸ್ಪತ್ರೆ ಸೇರಿದವರಿಗೆ ಉರಿಯೂತದ ಓಟವನ್ನೇ ತಡೆಯಬಲ್ಲ, ಎಲ್ಲೆಡೆಯ ವೈದ್ಯರು ಒಪ್ಪಿಕೊಂಡ ಒಂದೇ ಒಂದು ಔಷಧವೂ ಇಂದು ಇಲ್ಲ. ಅವರಿಗೆ ಸಿಗುವುದು ರಕ್ತನಾಳದ ಮೂಲಕ ದ್ರವ, ನೋವು ನಿವಾರಣೆ, ಸಾಧ್ಯವಾದಷ್ಟು ಬೇಗ ಆಹಾರ ಮತ್ತು ಎಚ್ಚರದ ಆರೈಕೆ.

ಇಲಿಗಳಲ್ಲಿ ಇಷ್ಟೊಂದು ಗೆಲುವು, ಮನುಷ್ಯರಲ್ಲಿ ಇಷ್ಟೊಂದು ಸೋಲು ಏಕೆ ಎಂಬ ಪ್ರಶ್ನೆಗೆ ಉತ್ತರಗಳು ಹಲವು. ಆದರೆ ಅವುಗಳಲ್ಲಿ ದೊಡ್ಡದು ಆ ವಾಕ್ಯದ ‘ಮುಂಚಿತವಾಗಿ’ ಎಂಬ ಪದದ ಹಿಂದೆಯೇ ಅಡಗಿದೆ. ರೋಗವನ್ನು ಉಂಟುಮಾಡುವ ಮೊದಲೇ ಔಷಧ ಕೊಟ್ಟು ನೋಡುವ ಪ್ರಯೋಗ, ಅಂದರೆ ಪೂರ್ವಚಿಕಿತ್ಸೆಯ ಪ್ರಯೋಗ, ನಿಜವಾಗಿ ಕೇಳುವ ಪ್ರಶ್ನೆ ‘ಈ ಔಷಧ ಕಾಯಿಲೆಯನ್ನು ಗುಣಪಡಿಸುತ್ತದೆಯೇ’ ಎಂಬುದಲ್ಲ. ‘ಈ ಔಷಧ ತಡೆಯುವ ಜೈವಿಕ ದಾರಿ ಈ ಕಾಯಿಲೆಯಲ್ಲಿ ಪಾತ್ರ ವಹಿಸುತ್ತದೆಯೇ’ ಎಂಬುದು. ಎರಡನೆಯದು ಒಳ್ಳೆಯ ಪ್ರಶ್ನೆ, ಕೇಳಲೇಬೇಕಾದ ಪ್ರಶ್ನೆ. ಅದರ ಉತ್ತರವನ್ನು ಮೊದಲನೆಯ ಪ್ರಶ್ನೆಯ ಉತ್ತರವೆಂದು ಓದಿಕೊಂಡಾಗಲೇ ತೊಂದರೆ ಶುರುವಾಗುವುದು.

ಗ್ರಂಥಿಯೊಳಗೆ ನಡೆಯುವುದೇನು

ಜಠರದ ಹಿಂದೆ ಅಡ್ಡಲಾಗಿ ಚಾಚಿಕೊಂಡಿರುವ ಮೇದೋಜೀರಕ ಗ್ರಂಥಿಯ ಬಹುಭಾಗ ಏಸಿನಾರ್ ಜೀವಕೋಶಗಳಿಂದ ಆಗಿದೆ. ಆಹಾರವನ್ನು ಜೀರ್ಣಿಸುವ ಕಿಣ್ವಗಳನ್ನು ತಯಾರಿಸಿ ಸಣ್ಣ ಕಣಗಳಲ್ಲಿ ಕಟ್ಟಿಟ್ಟುಕೊಳ್ಳುವುದು ಅವುಗಳ ಕೆಲಸ. ಪಿಷ್ಟವನ್ನು ಒಡೆಯುವ ಅಮೈಲೇಸ್ ಮತ್ತು ಕೊಬ್ಬನ್ನು ಒಡೆಯುವ ಲೈಪೇಸ್ ಸಿದ್ಧರೂಪದಲ್ಲೇ ಇರುತ್ತವೆ. ಪ್ರೋಟೀನನ್ನು ಒಡೆಯುವ ಕಿಣ್ವಗಳು ಹಾಗಲ್ಲ. ಜೀವಕೋಶವೂ ಪ್ರೋಟೀನಿನಿಂದಲೇ ಆಗಿರುವುದರಿಂದ ಅವು ನಿಷ್ಕ್ರಿಯ ರೂಪದಲ್ಲಿ ತಯಾರಾಗುತ್ತವೆ. ಅವುಗಳಲ್ಲಿ ಮುಖ್ಯವಾದದ್ದು ಟ್ರಿಪ್ಸಿನೋಜೆನ್. ಅದು ನಾಳದ ಮೂಲಕ ಹರಿದು ಸಣ್ಣಕರುಳಿನ ಮೊದಲ ಭಾಗವಾದ ಡುವೋಡಿನಮ್ ತಲುಪಿದ ಮೇಲೆ, ಅಲ್ಲಿರುವ ಎಂಟರೋಕೈನೇಸ್ ಎಂಬ ಕಿಣ್ವ ಅದರ ತುದಿಯ ಸಣ್ಣ ತುಣುಕೊಂದನ್ನು ಕತ್ತರಿಸುತ್ತದೆ. ಟ್ರಿಪ್ಸಿನೋಜೆನ್ ಟ್ರಿಪ್ಸಿನ್ ಆಗುತ್ತದೆ. ಆ ಟ್ರಿಪ್ಸಿನ್ ಉಳಿದ ಕಿಣ್ವಗಳನ್ನೂ ಎಬ್ಬಿಸುತ್ತದೆ. ಗ್ರಂಥಿಯೊಳಗೇ ಅಕಸ್ಮಾತ್ತಾಗಿ ಒಂದಿಷ್ಟು ಟ್ರಿಪ್ಸಿನ್ ಎಚ್ಚೆತ್ತರೂ ಅದನ್ನು ಅಲ್ಲೇ ಹಿಡಿದು ಕೂರಿಸುವ ಪ್ರತಿಬಂಧಕ ಪ್ರೋಟೀನು ಸಹ ಆ ಕಣಗಳಲ್ಲಿ ಜೊತೆಗೇ ಇರುತ್ತದೆ.

ಈ ಕಾವಲು ಮುರಿದುಬಿದ್ದಾಗ ಗ್ರಂಥಿ ತನ್ನನ್ನು ತಾನೇ ಜೀರ್ಣಿಸಿಕೊಳ್ಳುತ್ತದೆ ಎಂಬ ವಿಚಾರವನ್ನು ಪ್ರಾಗ್ ನಗರದ ರೋಗಶಾಸ್ತ್ರಜ್ಞ ಹಾನ್ಸ್ ಕಿಯಾರಿ 1896ರಲ್ಲೇ ಮುಂದಿಟ್ಟಿದ್ದರು. ಕಾವಲು ಮುರಿಯಲು ಮನುಷ್ಯರಲ್ಲಿ ಅತಿ ಸಾಮಾನ್ಯ ಕಾರಣಗಳು ಎರಡು: ಪಿತ್ತಕೋಶದಿಂದ ಜಾರಿಬಂದು ನಾಳದ ಬಾಯಿಯಲ್ಲಿ ಸಿಕ್ಕಿಕೊಳ್ಳುವ ಕಲ್ಲು ಮತ್ತು ಮದ್ಯಪಾನ. ರಕ್ತದಲ್ಲಿ ಟ್ರೈಗ್ಲಿಸರೈಡ್ ವಿಪರೀತ ಏರಿದಾಗಲೂ ಕಾಯಿಲೆ ಬರಬಹುದು. ಬಹುಪಾಲು ರೋಗಿಗಳು, ಸುಮಾರು ಐವರಲ್ಲಿ ನಾಲ್ವರು, ಕೆಲವು ದಿನಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಉಳಿದವರಲ್ಲಿ ಗ್ರಂಥಿಯ ಭಾಗಗಳು ಸತ್ತುಹೋಗಿ, ಶ್ವಾಸಕೋಶ, ಮೂತ್ರಪಿಂಡ, ಹೃದಯ ಮುಂತಾದ ಅಂಗಗಳು ಸೋಲತೊಡಗುತ್ತವೆ. 2012ರಲ್ಲಿ ಪರಿಷ್ಕೃತವಾದ ಅಟ್ಲಾಂಟಾ ವರ್ಗೀಕರಣದ ಪ್ರಕಾರ ಅಂಗವೈಫಲ್ಯ 48 ಗಂಟೆಗೂ ಮೀರಿ ಮುಂದುವರಿದರೆ ಅದು ತೀವ್ರತರವಾದ ಪ್ರಕರಣ. ಪ್ರಾಣಹಾನಿಯ ಅಪಾಯ ಹೆಚ್ಚಾಗಿರುವುದು ಇಲ್ಲಿಯೇ.

ಜೀವಕೋಶದ ಒಳಗೆ ನೋಡಿದರೆ ಕಥೆ ಇನ್ನಷ್ಟು ಜಟಿಲವಾಗಿದೆ. ಪೆಟ್ಟು ತಿಂದ ಏಸಿನಾರ್ ಕೋಶದಲ್ಲಿ ಕ್ಯಾಲ್ಸಿಯಂ ಏರಿ ಇಳಿಯದೆ ನಿಲ್ಲುತ್ತದೆ, ಮೈಟೊಕಾಂಡ್ರಿಯಾಗಳು ಶಕ್ತಿ ತಯಾರಿಸುವುದನ್ನು ಕೈಬಿಡುತ್ತವೆ. ಕಿಣ್ವದ ಕಣಗಳು ಕೋಶದ ಕಸ ಅರಗಿಸುವ ಲೈಸೋಸೋಮ್‌ಗಳೊಂದಿಗೆ ಬೆರೆತು, ಅವುಗಳಲ್ಲಿರುವ ಕೆಥೆಪ್ಸಿನ್-ಬಿ ಎಂಬ ಕಿಣ್ವ ಟ್ರಿಪ್ಸಿನೋಜೆನ್‌ಅನ್ನು ಅಲ್ಲೇ ಕತ್ತರಿಸಿಬಿಡುತ್ತದೆ. ಇದೆಲ್ಲ ನಡೆಯುವುದು ಮೊದಲ ಅರ್ಧ ಗಂಟೆಯೊಳಗೆ. ಅದೇ ಹೊತ್ತಿನಲ್ಲಿ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನು ಕೋಶಕೇಂದ್ರಕ್ಕೆ ನುಗ್ಗಿ ಉರಿಯೂತದ ಜೀನುಗಳನ್ನು ಚಾಲೂ ಮಾಡುತ್ತದೆ. ಟಿಎನ್‌ಎಫ್-ಆಲ್ಫಾ, ಇಂಟರ್‌ಲ್ಯೂಕಿನ್-6 ಮುಂತಾದ, ಉರಿಯೂತದ ಸಂದೇಶ ಒಯ್ಯುವ ಸೈಟೋಕೈನ್‌ಗಳೂ, ಬಿಳಿ ರಕ್ತಕಣಗಳನ್ನು ಕೂಗಿ ಕರೆಯುವ ಕೀಮೋಕೈನ್‌ಗಳೂ ಹೊರಬೀಳುತ್ತವೆ. ಮೊದಲು ನ್ಯೂಟ್ರೋಫಿಲ್‌ಗಳು, ಅವುಗಳ ಬೆನ್ನಿಗೆ ಮಾನೋಸೈಟ್‌ಗಳು ಬಂದು ಸೇರುತ್ತವೆ. ಬಂದ ನ್ಯೂಟ್ರೋಫಿಲ್‌ಗಳು ಉಗುಳುವ ಆಮ್ಲಜನಕದ ಉಗ್ರ ಕಣಗಳು ಮತ್ತಷ್ಟು ಟ್ರಿಪ್ಸಿನೋಜೆನ್ ಎಚ್ಚರಗೊಳ್ಳಲು ಕಾರಣವಾಗುತ್ತವೆ. ಗ್ರಂಥಿಯಲ್ಲಿ ಹೊತ್ತಿಕೊಂಡದ್ದು ರಕ್ತದ ಮೂಲಕ ಶ್ವಾಸಕೋಶಕ್ಕೆ ಹಬ್ಬುವುದೂ ಈ ಹಾದಿಯಲ್ಲೇ.

ಟ್ರಿಪ್ಸಿನ್ ಮೊದಲೋ ಉರಿಯೂತ ಮೊದಲೋ ಎಂಬ ಹಳೆಯ ಜಗಳಕ್ಕೆ 2011ರಲ್ಲಿ ಪ್ರಕಟವಾದ ಒಂದು ಪ್ರಯೋಗ ಹೊಸ ತಿರುವು ಕೊಟ್ಟಿತು. ಇಲಿಗಳಲ್ಲಿ ರೋಗದ ವೇಳೆ ಎಚ್ಚರಗೊಳ್ಳುವ ಮುಖ್ಯ ಟ್ರಿಪ್ಸಿನೋಜೆನ್‌ನ ಜೀನನ್ನೇ ಸಂಶೋಧಕರು ತೆಗೆದುಹಾಕಿದ್ದರು. ಅಂಥ ಇಲಿಗಳಲ್ಲಿ ಏಸಿನಾರ್ ಕೋಶಗಳ ಸಾವು ಸುಮಾರು ಅರ್ಧಕ್ಕೆ ಇಳಿಯಿತು, ಆದರೆ ಉರಿಯೂತ ಮಾತ್ರ ಎಂದಿನಂತೆಯೇ ಇತ್ತು. ಅಂದರೆ ಕೋಶ ಸಾಯುವುದೂ ಉರಿಯೂತ ಏರುವುದೂ ಒಂದನ್ನೊಂದು ತಾಕುತ್ತ ಸಾಗುವ, ಆದರೂ ಬೇರೆ ಬೇರೆಯಾದ ಎರಡು ದಾರಿಗಳು. ಟ್ರಿಪ್ಸಿನ್ ತಡೆಯುವ ಔಷಧ ಉರಿಯೂತವನ್ನು ತಡೆಯಲೇಬೇಕೆಂದಿಲ್ಲ. ಉರಿಯೂತಕ್ಕೇ ಗುರಿಯಿಟ್ಟ ಔಷಧಗಳನ್ನು ಹುಡುಕಲು ಇದು ಬಲವಾದ ಕಾರಣ.

ರೋಗವನ್ನು ಕೃತಕವಾಗಿ ಉಂಟುಮಾಡುವುದು

ಪ್ರಾಣಿಗಳಲ್ಲಿ ಈ ಕಾಯಿಲೆಯನ್ನು ತರಿಸಿ ನೋಡಿದವರಲ್ಲಿ ಫ್ರೆಂಚ್ ಶರೀರಕ್ರಿಯಾ ವಿಜ್ಞಾನಿ ಕ್ಲೋಡ್ ಬರ್ನಾರ್ ಮೊದಲಿಗರು. 1856ರಲ್ಲಿ ಅವರು ನಾಯಿಯ ಮೇದೋಜೀರಕ ನಾಳದೊಳಕ್ಕೆ ಪಿತ್ತರಸ ಮತ್ತು ಆಲಿವ್ ಎಣ್ಣೆಯನ್ನು ಹರಿಸಿದ್ದರು. 1901ರಲ್ಲಿ ಯೂಜೀನ್ ಓಪಿ, ಪಿತ್ತನಾಳವೂ ಮೇದೋಜೀರಕ ನಾಳವೂ ಕೂಡಿ ಕರುಳಿಗೆ ತೆರೆಯುವ ಬಾಯಲ್ಲಿ ಸಣ್ಣ ಕಲ್ಲೊಂದು ಸಿಕ್ಕಿಕೊಂಡಿದ್ದ ರೋಗಿಯ ಮರಣೋತ್ತರ ಪರೀಕ್ಷೆಯ ವಿವರ ಪ್ರಕಟಿಸಿದ ಮೇಲೆ ಈ ಬಗೆಯ ಪ್ರಯೋಗಗಳಿಗೆ ಅರ್ಥವೂ ಬಂತು. ಅದರ ಇಂದಿನ ರೂಪದಲ್ಲಿ, ಅರಿವಳಿಕೆ ಕೊಟ್ಟ ದೊಡ್ಡ ಇಲಿಯ (ರ್ಯಾಟ್) ನಾಳದೊಳಕ್ಕೆ ಶೇಕಡಾ 3ರಿಂದ 5ರಷ್ಟು ಸಾಂದ್ರತೆಯ ಸೋಡಿಯಂ ಟಾರೋಕೊಲೇಟ್ ಎಂಬ ಪಿತ್ತಲವಣವನ್ನು ಹಿಮ್ಮುಖವಾಗಿ ಏರಿಸುತ್ತಾರೆ. ಇದರಿಂದ ಬರುವ ರೋಗ ಉಗ್ರವಾದದ್ದು, ಅಂಗಾಂಶ ಸಾಯುವಂಥದ್ದು. ಆದರೆ ಶಸ್ತ್ರಚಿಕಿತ್ಸೆಯ ಕೈಚಳಕ ಬೇಕು. ದ್ರವವನ್ನು ಎಷ್ಟು ಒತ್ತಡದಲ್ಲಿ, ಎಷ್ಟು ವೇಗದಲ್ಲಿ ಏರಿಸಿದರು ಎಂಬುದರ ಮೇಲೆಯೇ ಫಲಿತಾಂಶ ಏರುಪೇರಾಗುತ್ತದೆ.

ಇಂದು ಅತಿ ಹೆಚ್ಚು ಬಳಕೆಯಲ್ಲಿರುವುದು ಸೆರುಲೀನ್ ಮಾದರಿ. ಸೆರುಲೀನ್ ಆಸ್ಟ್ರೇಲಿಯಾದ ಒಂದು ಹಸಿರು ಮರಗಪ್ಪೆಯ ಚರ್ಮದಲ್ಲಿ 1960ರ ದಶಕದಲ್ಲಿ ಪತ್ತೆಯಾದ, ಹತ್ತು ಅಮೈನೋ ಆಮ್ಲಗಳ ಸಣ್ಣ ಸರಪಳಿ. ಊಟವಾದ ಮೇಲೆ ಕರುಳಿನಿಂದ ಹೊರಟು ಮೇದೋಜೀರಕ ಗ್ರಂಥಿಗೆ ‘ಕಿಣ್ವ ಸುರಿಸು’ ಎಂದು ಹೇಳುವ ಕೊಲೆಸಿಸ್ಟೊಕೈನಿನ್ ಎಂಬ ಹಾರ್ಮೋನಿಗೂ ಇದಕ್ಕೂ ಹತ್ತಿರದ ಹೋಲಿಕೆಯಿದೆ. ಎರಡೂ ಅಂಟಿಕೊಳ್ಳುವುದು ಕೋಶದ ಮೇಲಿನ ಒಂದೇ ಗ್ರಾಹಕಕ್ಕೆ. ಹದವಾದ ಪ್ರಮಾಣದಲ್ಲಿ ಕೊಟ್ಟರೆ ಗ್ರಂಥಿ ಕಿಣ್ವ ಸುರಿಸುತ್ತದೆ. ಹದ ಮೀರಿ ಕೊಟ್ಟರೆ ವಿಚಿತ್ರವೆಂಬಂತೆ ಸುರಿಯುವುದು ನಿಂತೇಹೋಗುತ್ತದೆ, ಕಿಣ್ವಗಳು ಕೋಶದೊಳಗೇ ಸಿಕ್ಕಿಬಿದ್ದು ಎಚ್ಚರಗೊಳ್ಳುತ್ತವೆ. 1977ರಲ್ಲಿ ದೊಡ್ಡ ಇಲಿಗಳಲ್ಲಿ ಇದನ್ನು ಮೊದಲು ವಿವರಿಸಲಾಯಿತು. ಈಗ ಚಿಕ್ಕ ಇಲಿಗಳಿಗೆ (ಮೌಸ್) ದೇಹತೂಕದ ಪ್ರತಿ ಕಿಲೋಗೆ 50 ಮೈಕ್ರೋಗ್ರಾಂ ಲೆಕ್ಕದಲ್ಲಿ ಗಂಟೆಗೊಂದರಂತೆ ಆರರಿಂದ ಹನ್ನೆರಡು ಚುಚ್ಚುಮದ್ದುಗಳನ್ನು ಹೊಟ್ಟೆಯ ಕುಹರಕ್ಕೆ ಕೊಡುವುದು ರೂಢಿ. ಕತ್ತಿ ಹಿಡಿಯಬೇಕಿಲ್ಲ, ಒಂದು ದಿನದೊಳಗೆ ಫಲಿತಾಂಶ ಸಿಗುತ್ತದೆ, ಒಂದು ಇಲಿಗೂ ಇನ್ನೊಂದಕ್ಕೂ ಹೆಚ್ಚು ವ್ಯತ್ಯಾಸ ಬರುವುದಿಲ್ಲ. ಜನಪ್ರಿಯತೆಗೆ ಇಷ್ಟು ಸಾಕು. ಆದರೆ ಇಲ್ಲಿ ಬರುವ ರೋಗ ಸೌಮ್ಯವಾದದ್ದು. ಔಷಧವನ್ನೇ ಕೊಡದಿದ್ದರೂ ಇಲಿಗಳು ಸಾಮಾನ್ಯವಾಗಿ ಒಂದು ವಾರದ ಆಸುಪಾಸಿನಲ್ಲಿ ತಾವಾಗಿ ಚೇತರಿಸಿಕೊಳ್ಳುತ್ತವೆ. ಕೊಲೆಸಿಸ್ಟೊಕೈನಿನ್ ಅತಿಯಾಗಿ ಮನುಷ್ಯರಿಗೆ ಈ ಕಾಯಿಲೆ ಬರುವುದಿಲ್ಲ ಎಂಬುದನ್ನೂ ಮರೆಯಬಾರದು.

ಎಲ್-ಆರ್ಜಿನಿನ್ ಮಾದರಿಯ ಸ್ವಭಾವ ಬೇರೆ. ಈ ಅಮೈನೋ ಆಮ್ಲವನ್ನು ಬಹಳ ದೊಡ್ಡ ಪ್ರಮಾಣದಲ್ಲಿ, ಚಿಕ್ಕ ಇಲಿಗಳಿಗೆ ಪ್ರತಿ ಕಿಲೋಗೆ 4 ಗ್ರಾಂನಂತೆ ಗಂಟೆಯ ಅಂತರದಲ್ಲಿ ಎರಡು ಬಾರಿ ಕೊಟ್ಟರೆ ರೋಗ ನಿಧಾನವಾಗಿ ಏರಿ ಮೂರನೆಯ ದಿನದ ಸುಮಾರಿಗೆ ಶಿಖರ ಮುಟ್ಟುತ್ತದೆ. ಕೋಲೀನ್ ಇಲ್ಲದ, ಎಥಿಯೋನೀನ್ ಬೆರೆಸಿದ ಆಹಾರವನ್ನು ಎಳೆಯ ಹೆಣ್ಣು ಇಲಿಗಳಿಗೆ ತಿನ್ನಿಸಿ ಪ್ರಾಣಾಂತಿಕ ರೋಗ ತರಿಸುವ ಇನ್ನೊಂದು ಪದ್ಧತಿಯೂ ಇದೆ. ಅದರಲ್ಲಿ ಯಾವ ಇಲಿ ಎಷ್ಟು ತಿಂದಿತು ಎಂಬುದೇ ರೋಗದ ತೀವ್ರತೆಯನ್ನು ತೀರ್ಮಾನಿಸುವುದರಿಂದ ಹೋಲಿಕೆ ಕಷ್ಟ.

ಪ್ರಯೋಗ ನಡೆಯುವ ಕ್ರಮ

ಪೂರ್ವಚಿಕಿತ್ಸೆಯ ಪ್ರಯೋಗದಲ್ಲಿ ಕಡಿಮೆಯೆಂದರೂ ನಾಲ್ಕು ಗುಂಪುಗಳಿರಬೇಕು. ಒಂದಕ್ಕೆ ಉಪ್ಪುನೀರು ಮಾತ್ರ, ಇನ್ನೊಂದಕ್ಕೆ ರೋಗವಿಲ್ಲದೆ ಔಷಧ ಮಾತ್ರ, ಮೂರನೆಯದಕ್ಕೆ ಔಷಧ ಕರಗಿಸಿದ ದ್ರವದ ಜೊತೆಗೆ ರೋಗ, ನಾಲ್ಕನೆಯದಕ್ಕೆ ಔಷಧದ ಜೊತೆಗೆ ರೋಗ. ಎರಡನೆಯ ಗುಂಪನ್ನು ಉಳಿತಾಯಕ್ಕೆಂದು ಕೈಬಿಡುವವರಿದ್ದಾರೆ. ಆಗ ಔಷಧವೇ ಗ್ರಂಥಿಗೆ ಏನಾದರೂ ಮಾಡುತ್ತದೆಯೇ ಎಂಬುದು ಗೊತ್ತಾಗದೇ ಉಳಿಯುತ್ತದೆ. ಔಷಧವನ್ನು ಮೊದಲ ಸೆರುಲೀನ್ ಚುಚ್ಚುಮದ್ದಿಗೆ ಅರ್ಧ ಗಂಟೆ ಅಥವಾ ಒಂದು ಗಂಟೆ ಮುಂಚೆ ಕೊಡುತ್ತಾರೆ. ಬಾಯಿಯ ಮೂಲಕ ಕೊಡುವ ಸಸ್ಯಸಾರಗಳಾದರೆ ಹಲವು ದಿನ ಮೊದಲಿನಿಂದ. ಕೊನೆಯ ಚುಚ್ಚುಮದ್ದಾದ ಕೆಲವು ಗಂಟೆಗಳಲ್ಲಿ ಪ್ರಾಣಿಯನ್ನು ನೋವಿಲ್ಲದಂತೆ ಕೊನೆಗೊಳಿಸಿ ರಕ್ತ, ಗ್ರಂಥಿ ಮತ್ತು ಶ್ವಾಸಕೋಶಗಳನ್ನು ತೆಗೆದುಕೊಳ್ಳುತ್ತಾರೆ.

ಉರಿಯೂತ ಇಳಿಯಿತೋ ಇಲ್ಲವೋ ಎಂಬುದನ್ನು ಅಳೆಯುವುದು ಹೇಗೆ? ಊತವನ್ನು ಅಳೆಯುವುದು ಸುಲಭ: ಗ್ರಂಥಿಯನ್ನು ಹಸಿಯಾಗಿ ತೂಗಿ, ಒಲೆಯಲ್ಲಿ ಒಣಗಿಸಿ ಮತ್ತೆ ತೂಗಿದರೆ ಒಳಗೆ ನಿಂತಿದ್ದ ನೀರಿನ ಲೆಕ್ಕ ಸಿಗುತ್ತದೆ. ನ್ಯೂಟ್ರೋಫಿಲ್‌ಗಳ ಲೆಕ್ಕ ಇನ್ನೂ ಸ್ವಾರಸ್ಯಕರ. ಅವುಗಳ ಕಣಗಳಲ್ಲಿ ಮೈಲೋಪೆರಾಕ್ಸಿಡೇಸ್ ಎಂಬ ಕಿಣ್ವ ಹೇರಳವಾಗಿದೆ. ಹೆಪ್ಪುಗಟ್ಟಿಸಿದ ಅಂಗಾಂಶದ ಚೂರನ್ನು ಅರೆದು, ಮಾರ್ಜಕ ಬೆರೆತ ದ್ರಾವಣದಲ್ಲಿ ಆ ಕಿಣ್ವವನ್ನು ಬಿಡಿಸಿ, ಯಂತ್ರದಲ್ಲಿ ಗಿರಗಿರನೆ ತಿರುಗಿಸಿ, ಮೇಲೆ ನಿಂತ ತಿಳಿಯನ್ನು ಸಣ್ಣ ಗುಳಿಗಳ ತಟ್ಟೆಗೆ ಹಾಕಿ, ಬಣ್ಣ ಬರಿಸುವ ವಸ್ತುವಿನ ಜೊತೆ ಹೈಡ್ರೋಜನ್ ಪೆರಾಕ್ಸೈಡ್ ಸೇರಿಸಿದರೆ ದ್ರವ ನೀಲಿಯಾಗುತ್ತ ಹೋಗುತ್ತದೆ. ಆಮ್ಲದ ಹನಿ ಬಿದ್ದೊಡನೆ ಕ್ರಿಯೆ ನಿಂತು ಹಳದಿಗೆ ತಿರುಗುತ್ತದೆ. ಬಣ್ಣ ಗಾಢವಾದಷ್ಟೂ ನುಗ್ಗಿದ ನ್ಯೂಟ್ರೋಫಿಲ್‌ಗಳು ಹೆಚ್ಚು. ಶ್ವಾಸಕೋಶದ ಚೂರಿನಲ್ಲೂ ಬಣ್ಣ ಗಾಢವಾಗಿ ಬಂದರೆ ಉರಿಯೂತ ಗ್ರಂಥಿಯ ಎಲ್ಲೆ ದಾಟಿದೆ ಎಂದರ್ಥ.

ಆದರೆ ಕೊನೆಯ ಮಾತು ಸೂಕ್ಷ್ಮದರ್ಶಕದ್ದು. ಆರೋಗ್ಯವಾಗಿರುವ ಗ್ರಂಥಿಯ ತೆಳುಪದರಕ್ಕೆ ಬಣ್ಣ ಹಾಕಿ ನೋಡಿದರೆ ಏಸಿನಾರ್ ಕೋಶಗಳು ಗೊಂಚಲು ಗೊಂಚಲಾಗಿ ಒತ್ತೊತ್ತಾಗಿ ಕುಳಿತಿರುತ್ತವೆ. ಪ್ರತಿ ಗೊಂಚಲಿನ ನಡುವಿನ ಕಡೆಗೆ ಕಿಣ್ವಕಣಗಳ ನಸುಗೆಂಪು, ಹೊರ ಅಂಚಿಗೆ ಕಡುನೇರಳೆ. ಸೆರುಲೀನ್ ಪಡೆದ ಇಲಿಯದರಲ್ಲಿ ಗೊಂಚಲುಗಳ ನಡುವೆ ಬಿಳಿಯ ಬಿರುಕುಗಳು ಅಗಲವಾಗಿ ಬಾಯ್ದೆರೆದಿರುತ್ತವೆ, ಕೋಶಗಳೊಳಗೆ ಖಾಲಿ ಗುಳ್ಳೆಗಳು ಕಾಣಿಸುತ್ತವೆ, ಆ ಬಿರುಕುಗಳಲ್ಲಿ ಹಾಲೆಹಾಲೆಯಾದ ಕೋಶಕೇಂದ್ರಗಳುಳ್ಳ ನ್ಯೂಟ್ರೋಫಿಲ್‌ಗಳು ಚದುರಿರುತ್ತವೆ. ಊತ, ಬಿಳಿ ರಕ್ತಕಣಗಳ ನುಗ್ಗುವಿಕೆ, ಗುಳ್ಳೆಗಳು, ಕೋಶಗಳ ಸಾವು ಒಂದೊಂದಕ್ಕೂ ಸೊನ್ನೆಯಿಂದ ಮೂರೋ ನಾಲ್ಕೋ ಅಂಕ ಕೊಡುತ್ತಾರೆ. ಅಂಕ ಕೊಡುವವರಿಗೆ ಯಾವ ತೆಳುಪದರದ ಗಾಜು ಯಾವ ಗುಂಪಿನದೆಂದು ತಿಳಿದಿರಬಾರದು. ಈ ಒಂದು ನಿಯಮ ಸಡಿಲಾದರೆ ಉಳಿದ ಅಚ್ಚುಕಟ್ಟಿಗೆಲ್ಲ ಬೆಲೆ ಕಡಿಮೆ, ಏಕೆಂದರೆ ಎರಡಕ್ಕೂ ಮೂರಕ್ಕೂ ನಡುವೆ ತೂಗುವ ಗಾಜಿನ ವಿಷಯದಲ್ಲಿ ಕಣ್ಣು ಮನಸ್ಸಿನ ಮಾತನ್ನು ಕೇಳಿಯೇ ಕೇಳುತ್ತದೆ.

ಎಡವುವ ಜಾಗಗಳು

ಈಗ ಒಂದು ಔಷಧವನ್ನು ಮೊದಲೇ ಕೊಟ್ಟಾಗ ಇಷ್ಟೂ ಅಳತೆಗಳು ಸುಧಾರಿಸಿದವು ಎಂದುಕೊಳ್ಳೋಣ. ಉರಿಯೂತ ಇಳಿಯಿತು ಎನ್ನಬಹುದು. ಆದರೆ ಏಕೆ ಇಳಿಯಿತು ಎಂಬುದು ಇನ್ನೂ ಪ್ರಶ್ನೆಯೇ.

ಎಲ್ಲಕ್ಕಿಂತ ಸೂಕ್ಷ್ಮವಾದ ಎಡವು ಇದು: ಔಷಧ ರೋಗವನ್ನು ತಡೆಯುವ ಬದಲು ರೋಗ ತರುವ ವಸ್ತುವನ್ನೇ ತಡೆದಿರಬಹುದು. ಕೊಲೆಸಿಸ್ಟೊಕೈನಿನ್ ಗ್ರಾಹಕವನ್ನು ಮುಚ್ಚುವ ಪ್ರೊಗ್ಲುಮೈಡ್ ಅಥವಾ ಡೆವಜೆಪೈಡ್‌ನಂಥ ವಸ್ತುವನ್ನು ಮೊದಲೇ ಕೊಟ್ಟರೆ ಸೆರುಲೀನ್‌ಗೆ ಅಂಟಿಕೊಳ್ಳಲು ಜಾಗವೇ ಇರುವುದಿಲ್ಲ. ಇಲಿಗೆ ಕಾಯಿಲೆಯೇ ಬರುವುದಿಲ್ಲ. ಇದನ್ನು ಉರಿಯೂತ ನಿರೋಧಕ ಗುಣ ಎನ್ನಲಾಗದು. ಗುಣ ಗೊತ್ತಿರುವ ಈ ವಸ್ತುಗಳ ವಿಷಯದಲ್ಲಿ ಯಾರೂ ಮೋಸಹೋಗುವುದಿಲ್ಲ. ಆದರೆ ಹತ್ತಾರು ಗುರಿಗಳಿಗೆ ಅಂಟಿಕೊಳ್ಳುವ ಸಸ್ಯಜನ್ಯ ಸಂಯುಕ್ತವೊಂದು ಆ ಗ್ರಾಹಕಕ್ಕೋ ಅದರ ಮುಂದಿನ ಕ್ಯಾಲ್ಸಿಯಂ ಸಂಕೇತಕ್ಕೋ ಅಡ್ಡಬಂದಿಲ್ಲ ಎಂಬುದಕ್ಕೆ ಖಾತ್ರಿ ಏನು? ಖಾತ್ರಿಗೆ ಎರಡು ದಾರಿಗಳಿವೆ. ಬಿಡಿಸಿ ತೆಗೆದ ಏಸಿನಾರ್ ಕೋಶಗಳು ಔಷಧದ ಸಮ್ಮುಖದಲ್ಲೂ ಹದ ಪ್ರಮಾಣದ ಸೆರುಲೀನ್‌ಗೆ ಎಂದಿನಂತೆ ಅಮೈಲೇಸ್ ಸುರಿಸುತ್ತವೆಯೇ ಎಂದು ನೋಡುವುದು ಒಂದು. ಸಂಪೂರ್ಣ ಬೇರೆ ಕಾರಣದಿಂದ ರೋಗ ಬರುವ ಎರಡನೆಯ ಮಾದರಿಯಲ್ಲಿ ಪ್ರಯೋಗವನ್ನು ಮರಳಿ ಮಾಡುವುದು ಇನ್ನೊಂದು. ಒಂದೇ ಮಾದರಿಯಲ್ಲಿ, ಪೂರ್ವಚಿಕಿತ್ಸೆಯಾಗಿ ಮಾತ್ರ ನಡೆದ ಪ್ರಯೋಗದ ಮೇಲೆ ದೊಡ್ಡ ಮಾತು ಕಟ್ಟುವವರನ್ನು ಕಂಡರೆ ನನಗೆ ಅನುಮಾನ ಬರುವುದು ಈ ಕಾರಣಕ್ಕೇ.

ಔಷಧವನ್ನು ಕರಗಿಸುವ ದ್ರವವೂ ಸುಮ್ಮನಿರುವುದಿಲ್ಲ. ನೀರಿನಲ್ಲಿ ಕರಗದ ವಸ್ತುಗಳಿಗೆ ಬಳಸುವ ಡಿಎಂಎಸ್‌ಒ ತಾನೇ ಹೈಡ್ರಾಕ್ಸಿಲ್ ಎಂಬ ಉಗ್ರ ಕಣಗಳನ್ನು ಹೀರಿಕೊಳ್ಳುತ್ತದೆ. ಹೋಲಿಕೆಯ ಗುಂಪಿಗೂ ಅಷ್ಟೇ ಪ್ರಮಾಣದಲ್ಲಿ ಅದನ್ನು ಕೊಡದಿದ್ದರೆ ದ್ರಾವಕದ ಗುಣ ಔಷಧದ ಹೆಸರಿಗೆ ಜಮೆಯಾಗುತ್ತದೆ. ಔಷಧವನ್ನೂ ಸೆರುಲೀನ್‌ಅನ್ನೂ ಒಂದೇ ಕುಹರಕ್ಕೆ ಚುಚ್ಚಿದಾಗ ಒಂದು ಇನ್ನೊಂದರ ಹೀರಿಕೆಯನ್ನು ನಿಧಾನಿಸಬಹುದು.

ಅಮೈಲೇಸ್ ಬಗ್ಗೆಯೂ ಒಂದು ಮಾತು. ರಕ್ತದಲ್ಲಿ ಅದು ಇಳಿದದ್ದನ್ನೇ ದೊಡ್ಡ ಸಾಕ್ಷ್ಯವಾಗಿ ತೋರಿಸುವುದುಂಟು. ಆದರೆ ಅಮೈಲೇಸ್ ಕೋಶದಿಂದ ಸೋರಿದ ಕಿಣ್ವವೇ ಹೊರತು ಉರಿಯೂತದ ಅಳತೆಗೋಲಲ್ಲ. ಆರ್ಜಿನಿನ್ ಮಾದರಿಯಲ್ಲಿ ಮೂರನೆಯ ದಿನದ ಹೊತ್ತಿಗೆ ಗ್ರಂಥಿಯ ಹಾನಿ ಶಿಖರದಲ್ಲಿದ್ದರೂ ಅಮೈಲೇಸ್ ಕೆಳಗಿರಬಹುದು, ಏಕೆಂದರೆ ಅದನ್ನು ತಯಾರಿಸುವ ಕೋಶಗಳೇ ಉಳಿದಿರುವುದಿಲ್ಲ. ಅಳೆಯುವ ಹೊತ್ತೂ ಮುಖ್ಯ. ರೋಗವನ್ನು ಕೆಲವು ಗಂಟೆ ಮುಂದೂಡುವ ಔಷಧ, ಒಂದೇ ಒಂದು ಹೊತ್ತಿನಲ್ಲಿ ಅಳೆದರೆ ರೋಗವನ್ನು ತಡೆದಂತೆಯೇ ಕಾಣುತ್ತದೆ. ಮರುದಿನ ಅಳೆದಿದ್ದರೆ ಎರಡೂ ಗುಂಪುಗಳು ಸಮನಾಗಿರುತ್ತಿದ್ದವೇನೋ.

ಇನ್ನು ಉರಿಯೂತವನ್ನು ತಗ್ಗಿಸಿದಷ್ಟೂ ಒಳ್ಳೆಯದೆಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಎನ್‌ಎಫ್-ಕಪ್ಪಾ-ಬಿ ಕುಟುಂಬದ ಮುಖ್ಯ ಸದಸ್ಯನಾದ ರೆಲ್-ಎ ಪ್ರೋಟೀನನ್ನು ಗ್ರಂಥಿಯ ಕೋಶಗಳಲ್ಲಿ ಮಾತ್ರ ನಿಷ್ಫಲಗೊಳಿಸಿದ ಇಲಿಗಳಲ್ಲಿ ಸೆರುಲೀನ್ ರೋಗ ಕಡಿಮೆಯಾಗುವ ಬದಲು ಹೆಚ್ಚಾಯಿತು. ಕೋಶ ತನ್ನ ಉಳಿವಿಗೆ ಬೇಕಾದ ಜೀನುಗಳನ್ನೂ ಅದೇ ಪ್ರೋಟೀನಿನ ಮೂಲಕ ಚಾಲೂ ಮಾಡುತ್ತದೆ. ಸತ್ತ ಕೋಶಗಳನ್ನು ತೆರವುಗೊಳಿಸಿ ದುರಸ್ತಿಗೆ ಅನುವು ಮಾಡಿಕೊಡುವ ಮ್ಯಾಕ್ರೋಫೇಜ್‌ಗಳೂ ಈ ಉರಿಯೂತದ ಪಡೆಯಲ್ಲೇ ಇರುವವು.

ಇಲಿಯ ಗಡಿಯಾರ, ರೋಗಿಯ ಗಡಿಯಾರ

ಈ ಎಲ್ಲ ಎಡವುಗಳನ್ನು ದಾಟಿದ ಔಷಧಕ್ಕೂ ಮುಂದೆ ಕಾದಿರುವುದು ಸಮಯದ ಅಡ್ಡಗೋಡೆ. ಹೊಟ್ಟೆ ಹಿಡಿದುಕೊಂಡು ತುರ್ತುವಿಭಾಗಕ್ಕೆ ಬರುವವರಿಗೆ ನೋವು ಶುರುವಾಗಿ ಹಲವು ಗಂಟೆ, ಕೆಲವೊಮ್ಮೆ ಒಂದೆರಡು ದಿನ ಕಳೆದಿರುತ್ತವೆ. ನೋವಿನ ಲಕ್ಷಣ, ಅಮೈಲೇಸ್ ಅಥವಾ ಲೈಪೇಸ್ ಸಾಮಾನ್ಯ ಮಿತಿಯ ಮೂರು ಪಟ್ಟಿಗೂ ಮೀರಿರುವುದು, ಚಿತ್ರಣದಲ್ಲಿ ಕಾಣುವ ಬದಲಾವಣೆ, ಈ ಮೂರರಲ್ಲಿ ಎರಡು ಹೊಂದಿದ ಮೇಲೆಯೇ ರೋಗ ಇದೇ ಎಂದು ಹೇಳುವುದು. ಅಷ್ಟರಲ್ಲಿ ಟ್ರಿಪ್ಸಿನ್ ಎಚ್ಚೆತ್ತು, ಎನ್‌ಎಫ್-ಕಪ್ಪಾ-ಬಿ ತನ್ನ ಕೆಲಸ ಮುಗಿಸಿ, ಸೈಟೋಕೈನ್‌ಗಳು ರಕ್ತಕ್ಕಿಳಿದು ಎಷ್ಟೋ ಹೊತ್ತಾಗಿರುತ್ತದೆ. ಮೊದಲ ಅರ್ಧ ಗಂಟೆಯ ಘಟನೆಗೆ ಗುರಿಯಿಟ್ಟ ಔಷಧವನ್ನು ಆಗ ಕೊಡುವುದೆಂದರೆ ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತೆ.

ಲೆಕ್ಸಿಪಾಫೆಂಟ್ ಎಂಬ ಔಷಧದ ಕಥೆ ಇದನ್ನು ಚೆನ್ನಾಗಿ ತೋರಿಸುತ್ತದೆ. ಉರಿಯೂತದ ಸಂದೇಶವಾಹಕಗಳಲ್ಲಿ ಒಂದಾದ ಪ್ಲೇಟ್‌ಲೆಟ್ ಉತ್ತೇಜಕ ಅಂಶವನ್ನು ತಡೆಯುವ ಈ ಔಷಧ ಪ್ರಾಣಿಗಳಲ್ಲಿ ಭರವಸೆ ಮೂಡಿಸಿತ್ತು, ಸಣ್ಣ ಮಾನವ ಪರೀಕ್ಷೆಗಳಲ್ಲೂ ಆಸೆ ಹುಟ್ಟಿಸಿತ್ತು. 2001ರಲ್ಲಿ ಪ್ರಕಟವಾದ, ರೋಗ ಉಲ್ಬಣಿಸುವ ಸಾಧ್ಯತೆಯಿದ್ದ 290 ರೋಗಿಗಳ ದೊಡ್ಡ ಪರೀಕ್ಷೆಯಲ್ಲಿ ಮಾತ್ರ ಅದು ಹುಸಿಮದ್ದಿಗಿಂತ ಮೇಲೆನಿಸಲಿಲ್ಲ. ಅಂಗವೈಫಲ್ಯವನ್ನು ತಡೆಯುವುದು ಅದರ ಗುರಿಯಾಗಿತ್ತು. ಆದರೆ ಪರೀಕ್ಷೆಗೆ ಸೇರುವ ಹೊತ್ತಿಗೇ ಶೇಕಡಾ 44ರಷ್ಟು ರೋಗಿಗಳಲ್ಲಿ ಯಾವುದಾದರೊಂದು ಅಂಗ ಸೋತಾಗಿತ್ತು. ತಡೆಯಬೇಕಾದದ್ದು ಆಗಲೇ ಆಗಿಹೋಗಿತ್ತು.

ಪ್ರೊಬಯಾಟಿಕ್‌ಗಳದ್ದು ಇನ್ನೂ ಕಹಿಯಾದ ಪಾಠ. ಉಗ್ರ ರೋಗದಲ್ಲಿ ಕರುಳಿನ ಬ್ಯಾಕ್ಟೀರಿಯಾಗಳು ಗೋಡೆ ದಾಟಿ ಸತ್ತ ಅಂಗಾಂಶಕ್ಕೆ ಸೋಂಕು ತರುತ್ತವೆ. ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಕೊಟ್ಟು ಅದನ್ನು ತಡೆಯಬಹುದೆಂಬುದು ಆಲೋಚನೆ. ರೋಗ ತರಿಸುವ ಕೆಲವು ದಿನ ಮೊದಲಿನಿಂದಲೇ ಪ್ರೊಬಯಾಟಿಕ್ ಪಡೆದ ಇಲಿಗಳಲ್ಲಿ ಫಲಿತಾಂಶ ಚೆನ್ನಾಗಿಯೇ ಬಂದಿತ್ತು. ನೆದರ್ಲೆಂಡ್ಸ್‌ನಲ್ಲಿ 298 ರೋಗಿಗಳನ್ನು ಸೇರಿಸಿಕೊಂಡು ನಡೆಸಿದ, 2008ರಲ್ಲಿ ಪ್ರಕಟವಾದ ಪ್ರೊಪಾಟ್ರಿಯಾ ಪರೀಕ್ಷೆಯಲ್ಲಿ ನೋವು ಶುರುವಾದ 72 ಗಂಟೆಯೊಳಗೆ ಅದನ್ನು ಆರಂಭಿಸಲಾಯಿತು. ಸೋಂಕು ಕಡಿಮೆಯಾಗಲಿಲ್ಲ. ಪ್ರೊಬಯಾಟಿಕ್ ಪಡೆದವರಲ್ಲಿ ಶೇಕಡಾ 16ರಷ್ಟು ಮಂದಿ ತೀರಿಕೊಂಡರು, ಪಡೆಯದವರಲ್ಲಿ ಶೇಕಡಾ 6ರಷ್ಟು. ಪಡೆದವರಲ್ಲಿ ಒಂಬತ್ತು ಮಂದಿಗೆ ಕರುಳಿಗೆ ರಕ್ತಪೂರೈಕೆ ಕುಂದಿ ಹಾನಿಯಾಯಿತು, ಇನ್ನೊಂದು ಗುಂಪಿನಲ್ಲಿ ಒಬ್ಬರಿಗೂ ಹಾಗಾಗಲಿಲ್ಲ. ಆರೋಗ್ಯವಂತ ಇಲಿಯ ಕರುಳಿಗೆ ಮೊದಲೇ ಬ್ಯಾಕ್ಟೀರಿಯಾ ಕೊಡುವುದೂ, ಆಗಲೇ ರಕ್ತ ಸಾಲದೆ ಬಳಲುತ್ತಿರುವ ರೋಗಿಯ ಕರುಳಿಗೆ ಕೊಡುವುದೂ ಒಂದೇ ಅಲ್ಲ.

ಹಾಗೆಂದು ಪೂರ್ವಚಿಕಿತ್ಸೆಗೆ ಆಸ್ಪತ್ರೆಯಲ್ಲಿ ಸ್ಥಾನವೇ ಇಲ್ಲವೆಂದಲ್ಲ. ಮನುಷ್ಯರಲ್ಲಿ ಈ ಕಾಯಿಲೆ ಯಾವಾಗ ಬರಬಹುದೆಂದು ಮೊದಲೇ ಗೊತ್ತಿರುವ ಒಂದು ಸಂದರ್ಭವಿದೆ. ಬಾಯಿಯ ಮೂಲಕ ನಳಿಕೆ ಇಳಿಸಿ ಪಿತ್ತನಾಳದ ಕಲ್ಲು ತೆಗೆಯುವ ಇಆರ್‌ಸಿಪಿ ಎಂಬ ಪ್ರಕ್ರಿಯೆಯ ಬಳಿಕ ಕೆಲವರಲ್ಲಿ ಮೇದೋಜೀರಕ ಗ್ರಂಥಿ ಉರಿಯೂತಕ್ಕೆ ಒಳಗಾಗುತ್ತದೆ. ಇಲ್ಲಿ ವೈದ್ಯರ ಕೈಯಲ್ಲಿರುವ ಗಡಿಯಾರ ಪ್ರಯೋಗಾಲಯದ ಗಡಿಯಾರವೇ. 2012ರಲ್ಲಿ ಪ್ರಕಟವಾದ 602 ರೋಗಿಗಳ ಪರೀಕ್ಷೆಯಲ್ಲಿ, ಪ್ರಕ್ರಿಯೆ ಮುಗಿದೊಡನೆ ಗುದದ್ವಾರದ ಮೂಲಕ ಇಂಡೊಮೆಥಾಸಿನ್ ಎಂಬ ಉರಿಯೂತ ತಣಿಸುವ ನೋವುನಿವಾರಕ ಪಡೆದವರಲ್ಲಿ ಶೇಕಡಾ 9.2 ಮಂದಿಗೆ ಮಾತ್ರ ಕಾಯಿಲೆ ಬಂತು, ಹುಸಿಮದ್ದು ಪಡೆದವರಲ್ಲಿ ಶೇಕಡಾ 16.9 ಮಂದಿಗೆ. 2016ರಲ್ಲಿ 2600 ರೋಗಿಗಳ ಇನ್ನೊಂದು ಪರೀಕ್ಷೆ ಬಂತು. ಅದರಲ್ಲಿ ಒಂದು ಗುಂಪಿನ ಎಲ್ಲರಿಗೂ ಪ್ರಕ್ರಿಯೆಗೆ ಮುಂಚೆಯೇ ಅದೇ ಔಷಧ ಕೊಟ್ಟರು, ಇನ್ನೊಂದರಲ್ಲಿ ಅಪಾಯ ಹೆಚ್ಚಿದ್ದವರಿಗೆ ಮಾತ್ರ ಪ್ರಕ್ರಿಯೆಯ ನಂತರ ಕೊಟ್ಟರು. ಕಾಯಿಲೆ ಬಂದದ್ದು ಕ್ರಮವಾಗಿ ಶೇಕಡಾ 4 ಮತ್ತು 8 ಮಂದಿಗೆ. ಎಲ್ಲ ಔಷಧಗಳಿಗೂ ಈ ಯಶಸ್ಸು ಸಿಕ್ಕಿಲ್ಲ. ಟ್ರಿಪ್ಸಿನ್ ತಡೆಯುವ ಗ್ಯಾಬೆಕ್ಸೇಟ್ 1996ರ ಒಂದು ಪರೀಕ್ಷೆಯಲ್ಲಿ ಗೆದ್ದು ನಂತರದವುಗಳಲ್ಲಿ ನಿಲ್ಲಲಿಲ್ಲ. ಉರಿಯೂತ ತಣಿಸುವ ಇಂಟರ್‌ಲ್ಯೂಕಿನ್-10 ಸಹ ಮೊದಲು ಆಸೆ ತೋರಿಸಿ ದೊಡ್ಡ ಪರೀಕ್ಷೆಯಲ್ಲಿ ಸೋತಿತು.

ಇಆರ್‌ಸಿಪಿಯ ಹೊರಗಿನ ಎಲ್ಲ ರೋಗಿಗಳಿಗೂ ಬೇಕಾದುದು ರೋಗ ಶುರುವಾದ ಮೇಲೂ ಕೆಲಸ ಮಾಡುವ ಔಷಧ. ಅದನ್ನು ಹುಡುಕುವ ಪ್ರಯೋಗದ ಸ್ವರೂಪ ಹೇಗಿರಬೇಕೆಂಬುದಕ್ಕೆ ಒಂದು ಒಳ್ಳೆಯ ಉದಾಹರಣೆ ಇದೆ. ಏಸಿನಾರ್ ಕೋಶದೊಳಕ್ಕೆ ಕ್ಯಾಲ್ಸಿಯಂ ನುಗ್ಗುವ ಒರೈ-1 ಎಂಬ ಬಾಗಿಲನ್ನು ಮುಚ್ಚುವ ಎರಡು ಸಂಯುಕ್ತಗಳನ್ನು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಇಲಿಗಳಲ್ಲಿ ಪರೀಕ್ಷಿಸಿತು. ಮಾದರಿ ಒಂದಲ್ಲ, ಮೂರು: ಪಿತ್ತಾಮ್ಲದ್ದು, ಸೆರುಲೀನ್‌ದು, ಮದ್ಯಸಾರ ಹಾಗೂ ಕೊಬ್ಬಿನಾಮ್ಲದ್ದು. ಔಷಧ ಕೊಟ್ಟದ್ದು ರೋಗ ತರಿಸಿದ ಮೇಲೆ. ಪ್ರಮಾಣವನ್ನೂ ಹೊತ್ತನ್ನೂ ಬದಲಾಯಿಸಿ ನೋಡಿದರು. ರೋಗ ತರಿಸಿ ಒಂದು ಗಂಟೆಗೆ ಔಷಧ ಆರಂಭಿಸಿದ ಇಲಿಗಳಲ್ಲಿ ಸಿಕ್ಕಷ್ಟು ರಕ್ಷಣೆ ಆರು ಗಂಟೆಗೆ ಆರಂಭಿಸಿದ ಇಲಿಗಳಲ್ಲಿ ಸಿಗಲಿಲ್ಲ. ಇದೇ ವರ್ಗದ ಔಷಧವೊಂದನ್ನು ಆ ಬಳಿಕ ಆಸ್ಪತ್ರೆ ಸೇರಿದ ರೋಗಿಗಳಲ್ಲಿ ರಕ್ತನಾಳದ ಮೂಲಕ ಕೊಟ್ಟು ಪರೀಕ್ಷಿಸುವ ಹಂತ ಬಂದಿದೆ. ಅಂಥ ಪರೀಕ್ಷೆಗಳ ವರದಿಯಲ್ಲಿ ಮೊದಲು ನೋಡಬೇಕಾದ ಅಂಕಣ, ನೋವು ಶುರುವಾದ ಎಷ್ಟನೆಯ ಗಂಟೆಗೆ ಮೊದಲ ಹನಿ ಇಳಿಯಿತು ಎಂಬುದು.